ಮುರ್ತುಜಸಾಬರು ನೋಡದ ಹಣಮಪ್ಪ

ಬಾಗಲಕೋಟೆಯ ಪೇಂಟರ್ ಮುರ್ತುಜಸಾಬರು ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದರು. ನಮ್ಮ ಕಡೆಯ ಬಿಸಿಲಿಗೆ ಬಣ್ಣವೆಂದರೆ ಎಲ್ಲಿಲ್ಲದ ಸಿಟ್ಟು. ನಾಲ್ಕೇ ವರ್ಷಕ್ಕೆ ಅಕ್ಷರ ಅಳಿಸಿ ಹೋಗುತ್ತಿದ್ದವು. "ನೀವ ಬರದದ್ದು ಒಂದ ಗೆರಿನೂ ಉಳಿಯಾಂಗಿಲ್ಲ ನೋಡ್ರಿ" ಎಂದು ಹೆಂಡತಿ ಮಕ್ತುಮಬಿ ರೊಟ್ಟಿ ಬಡಿಯುತ್ತಲೇ ಹೇಳಿಬಿಟ್ಟಳು. ಮಾತು ನಾಟಿತು. ಸಾಬರು ಖಾನಾಪುರದ ಕಡೆ ಹೋಗಿ, ಪಿಂಗಾಣಿ ಬಿಲ್ಲೆಗಳ ಮೇಲೆ ಚಿತ್ರ ಬರೆದು ಭಟ್ಟಿಯಲ್ಲಿ ಸುಡುವ ಕೆಲಸ ಕಲಿತು ಬಂದರು. ಸುಟ್ಟ ಬಣ್ಣ ಬಿಸಿಲಿಗೂ ಜಗ್ಗುವುದಿಲ್ಲ, ಮಳೆಗೂ ಜಗ್ಗುವುದಿಲ್ಲ.

೧೯೭೮ರಲ್ಲಿ ಕೆರೂರಿನ ಡಾಕ್ಟರ್ ಬಸಯ್ಯನವರು ಹೊಸ ದವಾಖಾನೆ ಕಟ್ಟಿಸಿ, ರೋಗಿಗಳು ಕೂಡುವ ಪಡಸಾಲೆಯ ಗೋಡೆಗೆ ಸಂಜೀವಿನಿ ಗುಡ್ಡ ಹೊತ್ತ ಹಣಮಪ್ಪ ಬೇಕೆಂದರು. ಒಟ್ಟು ನಲವತ್ತೆಂಟು ಬಿಲ್ಲೆ. ಸಾಬರ ಮೇಜಿನ ಮೇಲೆ ಒಂದು ಸಲಕ್ಕೆ ಹಿಡಿಯುವುದು ನಾಲ್ಕೇ. ನಾಲ್ಕು ಬರೆದು, ಸುಟ್ಟು, ಗೋಣಿಚೀಲದಲ್ಲಿ ಸುತ್ತಿಟ್ಟು ಮುಂದಿನ ನಾಲ್ಕಕ್ಕೆ ಕೈ ಹಾಕಬೇಕು. ಹೀಗೆ ಆರು ತಿಂಗಳು. ಎಲ್ಲ ಹರವಿ ನೋಡೋಣವೆಂದರೆ ಮನೆಯಲ್ಲಿ ಅಷ್ಟು ಜಾಗವಿಲ್ಲ. ತಾನು ಬರೆದ ದೇವರನ್ನು ಗೋಡೆಯ ಮೇಲೆಯೇ ಮೊದಲ ಸಲ ಇಡಿಯಾಗಿ ನೋಡಬೇಕೆಂದು ಜೀವ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಜ್ವರ ಬಂದು ಮಲಗಿದರು. ಬಿಲ್ಲೆಗಳ ಬೆನ್ನಿಗೆ ನಂಬರು ಬರೆದು ಕಳಿಸಿಕೊಟ್ಟರು.

ಗೌಂಡಿ ಅಮಸಿದ್ದಪ್ಪ ಶನಿವಾರ ತುಳಸಿಗೇರಿ ಹಣಮಪ್ಪನ ಗುಡಿ ತಪ್ಪಿಸದ ಮನುಷ್ಯ. ಬಿಲ್ಲೆ ಹಚ್ಚುವವರು ಅದನ್ನು ಅಂಗೈಯಲ್ಲಿ ಬೋರಲು ಹಾಕಿ ಬೆನ್ನಿಗೆ ಸಿಮೆಂಟು ಬಳಿಯುತ್ತಾರೆ. ಅಮಸಿದ್ದಪ್ಪ ಸಿಮೆಂಟನ್ನು ಗೋಡೆಗೇ ಬಳಿದು, ಬಿಲ್ಲೆಯನ್ನು ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದ ಹಾಗೆ ಹಿಡಿದು ಒತ್ತಿದ. ನಂಬರು ಅವನ ಕಣ್ಣಿಗೆ ಬೀಳಲೇ ಇಲ್ಲ.

ಜ್ವರ ಬಿಟ್ಟ ಮೇಲೆ ಓಡಿ ಬಂದ ಸಾಬರು ನೋಡಿದರೆ ಗೋಡೆಯ ಮೇಲೆ ಬಿಲ್ಲೆಗಳೆಲ್ಲ ಅದಲುಬದಲು. ಗೌಂಡಿಯನ್ನು ಕರೆಸಿದರು.

"ನಂಬರ ಬರದಿದ್ದೆನಲ್ಲೋ ಮಾರಾಯಾ!"

"ದೇವರನ್ನ ಬೋರಲ ಹಾಕಾಕ ನನಗೇನ ಹುಚ್ಚ ಹಿಡದೈತೇನ್ರಿ?"

"ಪಾದ ಯಾಕೋ ಎದಿಮಟ ಬಂದಾವು?"

"ದವಾಖಾನಿ ಐತ್ರಿ ಸಾಬ್ರ. ನಡಾ ಹಿಡದವರು ಬರ್ತಾರ. ಅವರಿಗೆ ಬಗ್ಗಿ ಮುಟ್ಟಾಕ ಆಗತೈತೇನ್ರಿ?"

ಎಲ್ಲಕ್ಕೂ ಅವನ ಹತ್ತಿರ ಕಾರಣವಿತ್ತು. ಪಡಸಾಲೆಗೆ ಎರಡು ಬಾಗಿಲು, ಆದ್ದರಿಂದ ಕಾಯಲು ಆಚೆಗೊಂದು ಕಣ್ಣು, ಈಚೆಗೊಂದು ಕಣ್ಣು. ಬಾಲ ಯಾರ ಕಾಲಿಗೂ ತಾಗದಂತೆ ಮೇಲುಗಡೆ. ದೇವರಲ್ಲದ ಆಕಾಶವೆಲ್ಲ ಕೆಳಗೆ, ನೆಲದ ಹತ್ತಿರ. ಇಷ್ಟು ಭಕ್ತಿಯಿಂದ ಯಾರೂ ಯಾವ ಚಿತ್ರವನ್ನೂ ಕೆಡಿಸಿರಲಿಕ್ಕಿಲ್ಲ.

ಕಿತ್ತರೆ ಬಿಲ್ಲೆ ಒಡೆಯುತ್ತವೆ. ಹೊಸದಾಗಿ ಬರೆದುಕೊಡುತ್ತೇನೆಂದು ಸಾಬರು ಕೈ ಮುಗಿದರೂ ಡಾಕ್ಟರು ಒಪ್ಪಲಿಲ್ಲ. ಮೊದಲು ರೋಗಿಗಳು "ನನ್ನ ಪಾಳಿ, ನನ್ನ ಪಾಳಿ" ಎಂದು ಕಂಪೌಂಡರನ ಜೀವ ತಿನ್ನುತ್ತಿದ್ದರು. ಈಗ ಎಲ್ಲರೂ ಸುಮ್ಮನೆ ಕುಳಿತು ಹಣಮಪ್ಪನ ಮೂಗು ಹುಡುಕುತ್ತಿದ್ದರು. ಹಣಮಂತಪ್ಪ ಎಂಬ ರೈತ ಸೂಜಿ ಚುಚ್ಚಿಸಿಕೊಳ್ಳುತ್ತಲೇ "ಸಿಕ್ಕಿತ!" ಎಂದು ಕೂಗಿ ಡಾಕ್ಟರನ್ನು ಬೆಚ್ಚಿಬೀಳಿಸಿದ. ಬೇನೆ ವಾಸಿಯಾದವರೂ ಉಳಿದ ಕಿವಿ ಹುಡುಕಲು ತಿರುಗಿ ಬರುತ್ತಿದ್ದರು. "ಇದ್ದಂಗ ಇರಲಿ ಬಿಡ್ರಿ ಸಾಬ್ರ, ಅರ್ಧ ಔಷಧ ಅದ ಕೊಡತೈತಿ" ಎಂದರು ಡಾಕ್ಟರು.

ಸಾಬರು ಬಿಡಲಿಲ್ಲ. ಒಂಬತ್ತು ವರ್ಷ, ಪ್ರತಿ ಸಂತೆಯ ದಿನ ಬಸ್ಸು ಹಿಡಿದು ಕೆರೂರಿಗೆ ಬಂದು ಅದನ್ನೇ ಬೇಡಿದರು. ಡಾಕ್ಟರು ಚಹಾ ಕುಡಿಸಿ ಕಳಿಸುತ್ತಿದ್ದರು.

ಒಂದು ದಿನ ಚೊಳಚಗುಡ್ಡದ ಮುದುಕಿ ಸಾವಂತ್ರವ್ವ, ನಡುನೋವಿಗೆ ಬರುತ್ತಿದ್ದಾಕೆ, ಬೆಂಚಿನ ಮೇಲಿಂದ ಕರೆದಳು. "ಇದನ್ನ ಬರದಾಂವ ನೀ ಏನಪಾ? ನಿನ್ನ ಹಣಮಪ್ಪಗ ಎಡಗೈಯಾಗ ಆರ ಬೆರಳ ಅದಾವ."

ಸಾಬರು ರೇಗಿದರು. ಎದ್ದು ಹೋಗಿ ನೋಡಿದರು. ಕಿಟಕಿಯ ಪಕ್ಕದ ಬಿಲ್ಲೆಯಲ್ಲಿ ಮೂರು ಬೆರಳು. ಬಾಗಿಲ ಪಕ್ಕದ ಬಿಲ್ಲೆಯಲ್ಲಿ ಮೂರು. ಎರಡನ್ನೂ ಬೇರೆ ಬೇರೆ ಸಲ ಬರೆದಾಗ ಲೆಕ್ಕ ತಪ್ಪಿತ್ತು. ಅಷ್ಟು ದೂರದ ಎರಡು ಬಿಲ್ಲೆ ಒಂದೇ ಕೈ ಎಂದು ಯಾರಿಗೆ ಗೊತ್ತಾಗಬೇಕು?

"ನಿನಗ ಹೆಂಗ ಗೊತ್ತಾತ ಬೇ?"

"ದಿನಾ ಕಣ್ಣ ಮುಚ್ಚಿ ಮನಸಿನಾಗ ಒಂದೊಂದ ಬಿಲ್ಲಿ ಹಚ್ಚಕೋತ ಬಂದೇನಿ. ಹೋದ ಸಂತಿಗೆ ಪೂರಾ ಎದ್ದ ನಿಂತ."

ಸಾಬರು ಮೆಲ್ಲಗೆ ಬಂದು ಮುದುಕಿಯ ಪಕ್ಕ ಕುಳಿತರು.

"ಹೆಂಗ ಅದಾನ, ಹೇಳ ಬೇ. ನಾ ಇನ್ನೂ ನೋಡಿಲ್ಲ."