ಲೋಲಾ ಸಿಯೊನ್ ಕೊಟ್ಟ ಹೆಸರು

ನಮ್ಮ ದ್ವೀಪದಲ್ಲಿ ಪಾದ್ರಿಯಿಲ್ಲ. ಆಚೆ ದಡದಿಂದ ತಿಂಗಳಿಗೊಮ್ಮೆ ದೋಣಿಯಲ್ಲಿ ಬಂದು ಪೂಜೆ ನಡೆಸಿ ಹೋಗುತ್ತಾರೆ, ಅದೂ ಸಮುದ್ರಕ್ಕೆ ಮನಸ್ಸಿದ್ದರೆ. ಆದರೆ ಜ್ವರ ಬಂದ ಕೂಸು ಪಾದ್ರಿಯ ದೋಣಿಗೆ ಕಾಯುತ್ತದೆಯೇ? ಅದಕ್ಕೇ ನಮಗೆ ಲೋಲಾ ಸಿಯೊನ್ ಇದ್ದಾಳೆ. ಲೋಲಾ ಎಂದರೆ ಅಜ್ಜಿ. ಅವಳು ಯಾರಿಗೂ ರಕ್ತಸಂಬಂಧದ ಅಜ್ಜಿಯಲ್ಲ, ಆದರೆ ದ್ವೀಪಕ್ಕೆಲ್ಲ ಅಜ್ಜಿ. ಯಾವ ಮನೆಯಲ್ಲಾದರೂ ಕೂಸಿನ ಉಸಿರು ಸಿಕ್ಕಿಕೊಂಡಿತು ಎಂದರೆ ಸಾಕು, ತೆಂಗಿನ ಚಿಪ್ಪಿನಲ್ಲಿ ನೀರು ಹಿಡಿದುಕೊಂಡು ದಡದಡನೆ ಬಂದುಬಿಡುತ್ತಾಳೆ. ಕೂಸಿನ ಹಣೆಗೆ ನೀರು ಸುರಿದು, ತಂದೆ ಮಗ ಪವಿತ್ರಾತ್ಮನನ್ನು ನೆನೆದು, ಒಂದು ಹೆಸರಿಟ್ಟು, "ಇನ್ನಿದು ದೇವರ ಮಗು. ಈಗ ಡಾಕ್ಟರ ಹತ್ರ ಓಡಿ" ಎಂದು ತಾಯಿ ತಂದೆಯನ್ನು ದೋಣಿ ಹತ್ತಿಸುತ್ತಾಳೆ. ಬದುಕಿ ಬಂದ ಕೂಸಿಗೆ ಪಾದ್ರಿ ಬಂದಾಗ ಉಳಿದ ಶಾಸ್ತ್ರ ಮುಗಿಸುತ್ತಾರೆ, ನೀರನ್ನು ಮಾತ್ರ ಇನ್ನೊಮ್ಮೆ ಹಾಕುವಂತಿಲ್ಲ. ಅವಳು ಹಾಕಿದ್ದೇ ಹಾಕಿದ್ದು, ಇಟ್ಟದ್ದೇ ಹೆಸರು.

ಈ ಹೆಸರಿನ ವಿಷಯಕ್ಕೇ ನನಗೂ ಅವಳಿಗೂ ಸದಾ ಜಟಾಪಟಿ. ಗಾಬರಿಯಲ್ಲಿರುವ ತಾಯಿಗೆ ಹೆಸರೆಲ್ಲಿ ನೆನಪಿರುತ್ತದೆ? ಇವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾಳೆ, ಆ ದಿನ ಯಾವ ಸಂತರ ಹಬ್ಬವೋ ಅವರ ಹೆಸರು ಅಂಟಿಸಿಬಿಡುತ್ತಾಳೆ. ಹಾಗಾಗಿ ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬ ತೆಲೆಸ್ಫೊರೊ ಇದ್ದಾನೆ, ಒಬ್ಬ ಪಂತಾಲಿಯೊನ್ ಇದ್ದಾನೆ. ಮೊಬೈಲ್ ರಿಪೇರಿ ಮಾಡುವ ಹುಡುಗಿಯ ಹೆಸರು ಎಸ್ಕೊಲಾಸ್ತಿಕಾ. ಪಾಪ, ತುಟಿಗೆ ಬಣ್ಣ ಹಚ್ಚಿಕೊಂಡು ಓಡಾಡುವ ಹುಡುಗಿ.

"ನಮ್ಮ ಮುತ್ತಜ್ಜಿಯರೆಲ್ಲ ಗೋರಿಯಿಂದ ಎದ್ದು ಬಂದಂಗಿದೆ ಲೋಲಾ," ಎಂದು ನಾನು ಒಮ್ಮೆ ಅಂದಿದ್ದೆ.

"ಬರಲಿ ಬಿಡು. ಅವರು ನಿನ್ನಷ್ಟು ಬಾಯಿ ಮಾಡಲ್ಲ," ಎಂದಳು.

ನಾನು ನಿಮ್ಫಾ. ದೋಣಿಕಟ್ಟೆಯ ಪಕ್ಕದಲ್ಲಿ ಅಂಗಡಿ ಇಟ್ಟಿದ್ದೇನೆ. ಬಾಯಿ ಇಲ್ಲದಿದ್ದರೆ ಅಂಗಡಿ ನಡೆಯುತ್ತದೆಯೇ, ನೀವೇ ಹೇಳಿ. ನನ್ನ ತಮ್ಮ ರೋದೆಲ್ ಮೀನು ಹಿಡಿಯುತ್ತಾನೆ, ಅವನ ಹೆಂಡತಿ ಅರ್ಲೀನ್. ಅವರ ಮೊದಲ ಮಗಳಿಗೆ ಪ್ರಿನ್ಸೆಸ್ ಜಾಯ್ ಎಂದು ಹೆಸರಿಟ್ಟವಳು ನಾನೇ. ಎಷ್ಟು ಚೆನ್ನಾಗಿದೆ ನೋಡಿ. ಎರಡನೆಯದೂ ಹೆಣ್ಣು ಎಂದು ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಕ್ವೀನ್ ಏಂಜೆಲ್ ಎಂಬ ಹೆಸರನ್ನು ಆಗಲೇ ಮನಸ್ಸಿನಲ್ಲಿ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ.

ಬಾಣಂತಿಗೆ ಬಿಸಿ ಚಾಕೊಲೇಟ್ ಕೊಡಲು ಹೋದಾಗ ಅರ್ಲೀನ್ ನೇರವಾಗಿ ಹೇಳಿಬಿಟ್ಟಳು.

"ಮಾನಂಗ್, ಮೊದಲನೇದಕ್ಕೆ ನೀನಿಟ್ಟೆ, ನಾನು ಸುಮ್ನಿದ್ದೆ. ಇದಕ್ಕೆ ನಾನಿಡ್ತೀನಿ."

ನಮ್ಮಲ್ಲಿ ಅಕ್ಕನನ್ನು, ಗಂಡನ ಅಕ್ಕನನ್ನೂ, ಮಾನಂಗ್ ಎನ್ನುತ್ತಾರೆ.

"ಇಡು ತಾಯಿ, ಯಾರು ಬೇಡ ಅಂದ್ರು? ಏನಂತ ಇಡ್ತೀಯ?"

"ಹಳೇ ಹೆಸರು. ದೇವರಿಗೆ ಸಂಬಂಧಪಟ್ಟದ್ದು. ಲೋಲಾ ಸಿಯೊನ್ ಹೆಸರು."

ಇವಳಿಗೆ ಹಾಗೆನ್ನುವ ಹಕ್ಕಿತ್ತು. ಅರ್ಲೀನ್ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಪಕ್ಕದ ಮನೆಯ ಲೋಲಾ ಸಿಯೊನಳೇ ಗಂಜಿ ಕುಡಿಸಿ, ಹೇನು ಹೆಕ್ಕಿ, ಕಿವಿ ಹಿಂಡಿ ಬೆಳೆಸಿದ್ದಳು. "ಅವಳಿಗೆ ಮಕ್ಕಳಿಲ್ಲ ಮಾನಂಗ್. ಅವಳ ಹಿಂದೆ ಒಂದು ಹೆಸರಾದ್ರೂ ಉಳೀಲಿ. ಇಷ್ಟೂ ಮಾಡದಿದ್ರೆ ನಾನು ಯಾಕೆ ಅವಳ ಕೈತುತ್ತು ತಿಂದೆ?" ಎನ್ನುವಾಗ ಅವಳ ಕಣ್ಣು ತುಂಬಿತ್ತು. ನನ್ನ ಕ್ವೀನ್ ಏಂಜೆಲ್ ಅನ್ನು ಹಾಗೇ ಮಡಿಸಿ ಒಳಗಿಟ್ಟೆ. ನನಗೂ ಕರುಳಿದೆ.

ಸಿಯೊನ್ ಎಂದರೆ ಅಸುನ್ಸಿಯೊನ್, ಅಂದರೆ ಮಾತೆ ಮರಿಯಮ್ಮ ಸ್ವರ್ಗಕ್ಕೇರಿದ ಹಬ್ಬ, ಎಂದು ನಾವು ನಾವೇ ತೀರ್ಮಾನಿಸಿದೆವು. ಯಾರೂ ಅವಳನ್ನು ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತಲ್ಲ. ನಮ್ಮಲ್ಲಿ ಇದು ಮಾಮೂಲು. ಕರೆಯುವ ಹೆಸರೊಂದಿದ್ದರೆ ನಿಜವಾದದ್ದು ಯಾರಿಗೆ ಬೇಕು? ನನ್ನ ಸೋದರಮಾವನನ್ನು ಎಪ್ಪತ್ತು ವರ್ಷ 'ಬಾಯ್' ಎಂದೇ ಕರೆದರು. ಸತ್ತಾಗ ಬಾಗಿಲಿಗೆ ಎರ್ಮೆನೆಹಿಲ್ದೊ ಎಂದು ಬರೆದು ಹಾಕಿದ್ದಕ್ಕೆ ಅರ್ಧ ಜನ ಬೇರೆ ಯಾರೋ ಸತ್ತಿದ್ದಾರೆಂದು ವಾಪಸ್ಸು ಹೋದರು.

ರೋದೆಲ್ ಆಚೆ ದಡಕ್ಕೆ ಹೋಗಿ ದೊಡ್ಡದೊಂದು ಬ್ಯಾನರ್ ಮಾಡಿಸಿಕೊಂಡು ಬಂದ. ಕೂಸಿನ ಫೋಟೊ, ಸುತ್ತ ಗುಲಾಬಿ ಮೋಡ, ಕೆಳಗೆ ನನ್ನ ಎತ್ತರದ ಅಕ್ಷರಗಳಲ್ಲಿ 'ಮರಿಯಾ ಅಸುನ್ಸಿಯೊನ್'. ಪಾದ್ರಿ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನದ ಹಿಂದಿನ ದಿನ ಬೆಳಿಗ್ಗೆ ಏಣಿ ಹಾಕಿ ಮನೆ ಮುಂದೆ ಕಟ್ಟುತ್ತಿದ್ದಾಗ ಲೋಲಾ ಸಿಯೊನ್ ಒಣಮೀನಿನ ಬುಟ್ಟಿ ಹೊತ್ತು ಬಂದಳು. ಅವಳನ್ನು ನಿಲ್ಲಿಸಿ ತೋರಿಸಿದೆವು. ಅರ್ಲೀನ್ ಕೈ ಜೋಡಿಸಿಕೊಂಡು ಕಾಯುತ್ತಿದ್ದಳು.

"ಇದ್ಯಾರೇ ಅಸುನ್ಸಿಯೊನ್?" ಎಂದಳು ಮುದುಕಿ.

"ನೀನೇ ಲೋಲಾ. ನಿನ್ನ ಹೆಸರೇ ಇಡ್ತಿದೀವಿ."

ಬುಟ್ಟಿ ಕೆಳಗಿಟ್ಟಳು. ಮೊದಲು ಬೈಗುಳ. "ನೀರು ಬೀಳೋ ಮುಂಚೆ ಹೆಸರನ್ನ ಬೀದೀಲಿ ನೇತು ಹಾಕ್ತಾರೇನೇ? ಕಣ್ಣಿಗೆ ಕಾಣದೋರು ಕೇಳಿಸ್ಕೊಂಡು ಕೂಸನ್ನ ಕರ್ಕೊಂಡು ಹೋದ್ರೆ? ಬುದ್ಧಿ ಎಲ್ಲಿ ಒಣಗಾಕಿದೀರಿ?" ಇದು ಹಳಬರ ಕಟ್ಟಳೆ. ದೀಕ್ಷಾಸ್ನಾನಕ್ಕೆ ಮೊದಲು ಕೂಸಿನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಬಾರದು. ಈಗ ಫೇಸ್‌ಬುಕ್‌ಗೆ ಹಾಕಿ ಆಮೇಲೆ ಹೆರುತ್ತಾರೆ, ಅದು ಬೇರೆ ಮಾತು. ಬೈದು ಮುಗಿಸಿ ತಣ್ಣಗೆ ಅಂದಳು, "ಮತ್ತೆ ಅದು ನನ್ನ ಹೆಸರೂ ಅಲ್ಲ."

"ಹಂಗಾದ್ರೆ ಕೊನ್ಸೆಪ್ಸಿಯೊನಾ?" ರೋದೆಲ್ ಏಣಿಯ ಮೇಲಿಂದ ಕೇಳಿದ.

"ಅಲ್ಲ. ನಾನು ಹುಟ್ಟಿದ್ದು ಹೊಸ ವರ್ಷದ ದಿನ. ಆಗಿನ ಕ್ಯಾಲೆಂಡರಿನಲ್ಲಿ ಅವತ್ತು ಬಾಲಯೇಸುವಿಗೆ ಸುನ್ನತಿ ಮಾಡಿಸಿದ ಹಬ್ಬ. ನಮ್ಮಪ್ಪ ಹಿಂದೆ ಮುಂದೆ ನೋಡದೆ ಅದನ್ನೇ ಇಟ್ಟ. ಸಿರ್ಕುನ್ಸಿಸಿಯೊನ್."

ಹೆಣ್ಣುಮಗುವಿಗೆ ಸುನ್ನತಿ ಎಂದು ಹೆಸರು. ರೋದೆಲ್ ನಗಲು ಶುರು ಮಾಡಿ ಏಣಿಯಿಂದ ಜಾರಿ ಕೆಳಗೆ ಬಂದ. ನಾನಂತೂ ಬ್ಯಾನರನ್ನೇ ಬಾಯಿಗೆ ತುರುಕಿಕೊಂಡೆ.

"ನಗ್ರಿ, ನಗ್ರಿ. ಮದುವೇಲಿ ಪಾದ್ರಿ ಆ ಹೆಸರು ಓದಿದಾಗ ನನ್ನ ಗಂಡಾನೂ ನಕ್ಕಿದ್ದ. ನಕ್ಕಂಡೇ ಉಂಗುರ ಹಾಕಿದ," ಎಂದಳು, ಅವಳ ಮುಖದಲ್ಲೂ ನಗು ತೆಳ್ಳಗೆ ಇತ್ತು.

ಅರ್ಲೀನ್ ಒಬ್ಬಳು ನಗಲಿಲ್ಲ. "ಆಯ್ತು. ಅದನ್ನೇ ಇಡ್ತೀನಿ," ಎಂದಳು.

"ನಿಂಗೇನು ತಲೆ ಕೆಟ್ಟಿದೆಯಾ? ಶಾಲೇಲಿ ಹುಡುಗ್ರು ಅವಳನ್ನ ಬದುಕೋಕೆ ಬಿಡ್ತಾರಾ? ನಾನು ಪಟ್ಟ ಪಾಡೇ ಸಾಕು."

"ನೀನು ಬದುಕಿಲ್ವಾ? ಯಾರಿಗಾದ್ರೂ ಹೆದರಿದೀಯಾ? ಇವಳೂ ನಿನ್ನ ಥರಾನೇ ಗಟ್ಟಿ ಆಗ್ತಾಳೆ. ನಿನ್ನ ಹೆಸರು ಉಳೀಬೇಕು, ಅಷ್ಟೇ."

ಇಬ್ಬರೂ ಹಠಮಾರಿಗಳು. ಸಾಕಿದವಳದ್ದೇ ಬುದ್ಧಿ ಸಾಕಿಸಿಕೊಂಡವಳಿಗೆ ಬಂದಿದೆ. ಬಿಸಿಲೇರುವವರೆಗೂ ವಾದಿಸಿದರು. ಅಷ್ಟರಲ್ಲಿ ನಾಲ್ಕು ಮನೆಯವರು ಅನ್ನದ ತಟ್ಟೆ ಹಿಡಿದುಕೊಂಡೇ ಬೇಲಿಗೆ ಬಂದು ನಿಂತಿದ್ದರು. ನಾಳೆ ಪಾದ್ರಿ ಬರುತ್ತಾರೆ, ಹಂದಿ ಹುರಿಯಲು ಕೆಂಡ ಸಿದ್ಧವಾಗಬೇಕು, ಕೂಸಿಗೆ ಹೆಸರಿಲ್ಲ. ಕೊನೆಗೆ ಅರ್ಲೀನ್ ಸೋತ ದನಿಯಲ್ಲಿ, "ನಿನ್ನ ಹೆಸರು ಕೊಡಲ್ಲ ಅಂದ್ರೆ ನೀನೇ ಒಂದು ಕೊಡು. ಕ್ಯಾಲೆಂಡರ್ ನೋಡಿ ಕೊಡೋದಲ್ಲ. ನೀನು ಮನಸ್ಸಲ್ಲಿ ಇಟ್ಕೊಂಡಿರೋದು ಯಾವುದಾದ್ರೂ ಇದ್ರೆ ಅದು. ನನ್ನ ಮಗಳಿಗೆ ನಿನ್ನದೊಂದು ಬೇಕು," ಎಂದಳು.

ಮುದುಕಿ ಬುಟ್ಟಿಯಲ್ಲಿದ್ದ ಮೀನುಗಳನ್ನು ಸುಮ್ಮನೆ ಹೊರಳಿಸಿದಳು.

"ಕೊಡ್ತೀನಿ," ಎಂದಳು. "ಆದ್ರೆ ನೀರು ಬೀಳೋ ಗಳಿಗೇವರೆಗೂ ಯಾರಿಗೂ ಹೇಳಲ್ಲ. ಪಾದ್ರಿ ಕೇಳಿದಾಗ ನಿಮ್ಫಾ ಕಿವೀಲಿ ಹೇಳ್ತೀನಿ. ಧರ್ಮಮಾತೆಯಾಗಿ ಕೂಸನ್ನ ಎತ್ಕೊಂಡು ನಿಲ್ಲೋಳು ಅವಳು ತಾನೆ, ಗಟ್ಟಿಯಾಗಿ ಅವಳೇ ಹೇಳಲಿ. ಗಂಟಲು ಹೇಗೂ ದೊಡ್ಡದಿದೆ."

ಬ್ಯಾನರನ್ನು ಬಿಸಾಡಲು ಮನಸ್ಸು ಬಾರದೆ ರೋದೆಲ್ ದೋಣಿಗೆ ಬಳಿಯುವ ನೀಲಿ ಬಣ್ಣದಿಂದ ಹೆಸರನ್ನು ಮುಚ್ಚಿದ. ಗುಲಾಬಿ ಮೋಡದ ಕೆಳಗೆ ಅಡ್ಡಕ್ಕೊಂದು ನೀಲಿ ಪಟ್ಟೆ. ಹೋಗಿ ಬರುವವರೆಲ್ಲ ನಿಂತು ನೋಡಿ, "ಏನಿದು, ಪೊಲೀಸರು ಹುಡುಕ್ತಿರೋ ಕೂಸಾ?" ಎಂದು ಕೇಳಿ ಹೋದರು.

ಮರುದಿನ ಚಾಪೆಲ್ ತುಂಬಿತ್ತು. ನಮ್ಮದಲ್ಲದೆ ಇನ್ನೂ ಹಲವು ಕೂಸುಗಳು ಸಾಲಿನಲ್ಲಿದ್ದವು. ಎಲ್ಲವಕ್ಕೂ ಟೀವಿಯಲ್ಲಿ ಬರುವವರ ಹೆಸರುಗಳು. ನಾನು ಹೊಸ ಹಳದಿ ಅಂಗಿ ಹಾಕಿಕೊಂಡು, ಕೂಸನ್ನು ತೋಳಲ್ಲಿಟ್ಟುಕೊಂಡು ನಿಂತಿದ್ದೆ. ಅರ್ಲೀನಳ ಮುಖದಲ್ಲಿ ಹೆದರಿಕೆ. ಮುದುಕಿ ಏನು ಹೇಳುತ್ತಾಳೋ ಎಂಬುದೊಂದು, ಅದನ್ನು ಬಿಟ್ಟು ನಾನು ಕ್ವೀನ್ ಏಂಜೆಲ್ ಎಂದು ಕೂಗಿಬಿಟ್ಟರೆ ಎಂಬುದಿನ್ನೊಂದು. ಸುಳ್ಳು ಯಾಕೆ, ಆ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಮ್ಮೆ ನೀರು ಬಿದ್ದ ಮೇಲೆ ಯಾರಪ್ಪ ಬಂದರೂ ಬದಲಾಯಿಸುವಂತಿರಲಿಲ್ಲ.

"ಈ ಮಗುವಿಗೆ ಏನು ಹೆಸರು ಕೊಡ್ತೀರಿ?" ಪಾದ್ರಿ ಕೇಳಿದರು.

ಲೋಲಾ ಸಿಯೊನ್ ಮುಂದೆ ಬಂದಳು. ನಾನು ಬಗ್ಗಿ ಕಿವಿ ಕೊಟ್ಟೆ. ಅವಳ ಉಸಿರು ಕಿವಿಗೆ ತಾಗಿತು, ಮಾತು ಬರಲಿಲ್ಲ. ತಿರುಗಿ ನೋಡಿದೆ. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಇಡೀ ದ್ವೀಪದ ಕೂಸುಗಳಿಗೆ ಕೈ ನಡುಗದೆ ನೀರು ಹಾಕಿದವಳು, ಬಿರುಗಾಳಿಯಲ್ಲಿ ದೋಣಿಯವರನ್ನು ಬೈದು ಕಳಿಸುವವಳು, ಬಾಯಿ ತೆರೆದುಕೊಂಡು ನಿಂತಿದ್ದಾಳೆ. ಪಾದ್ರಿ ಕಾಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳ ಮೊಣಕೈ ಹಿಡಿದು, "ಹೇಳು ಲೋಲಾ, ನಾನಿದೀನಿ," ಎಂದೆ. ನನ್ನ ನಾಲಿಗೆಯ ಮೇಲಿದ್ದ ಹೆಸರು ಅದಾಗಲೇ ಮರೆತುಹೋಗಿತ್ತು.

"ಪೆತ್ರೊನಿಲಾ," ಎಂದಳು ಕೊನೆಗೆ.

"ಪೆತ್ರೊನಿಲಾ," ಎಂದು ನಾನು ಚಾಪೆಲಿನ ತಗಡು ನಡುಗುವಂತೆ ಹೇಳಿದೆ. ಪಾದ್ರಿಯೂ ಹಾಗೆಂದರು, ನೀರು ಬಿತ್ತು, ಕೂಸು ಕಿರುಚಿತು. ಅರ್ಲೀನ್ ಅತ್ತುಕೊಂಡು ನಕ್ಕಳು. "ಅಂದ್ರೆ ನೀಲಾ ಅಂತ ಕರೀಬಹುದು," ಎಂದು ರೋದೆಲ್ ನನ್ನ ಪಕ್ಕದಲ್ಲಿ ಪಿಸುಗುಟ್ಟಿದ. ಕ್ವೀನ್ ಏಂಜೆಲ್‌ಗಿಂತ ಕಡಿಮೆಯೇನಿಲ್ಲ ಎಂದು ನನಗೂ ಅನಿಸಿತು.

ಊಟದ ಹೊತ್ತಿಗೆ ಮುದುಕಿ ಪಂಕ್ತಿಯಲ್ಲಿ ಇರಲಿಲ್ಲ. ಅಡಿಗೆಮನೆಯ ಹಿಂದೆ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ತೆಂಗಿನ ಕಳ್ಳಿನ ಲೋಟ ಕೊಟ್ಟು ಪಕ್ಕದಲ್ಲಿ ಕೂತೆ.

"ಯಾಕೆ ಲೋಲಾ, ಅಲ್ಲಿ ಬಾಯಿ ಕಟ್ಟಿಹೋಯ್ತು?"

ಅರ್ಧ ಲೋಟ ಕುಡಿದ ಮೇಲೆ ಹೇಳಿದಳು. "ನಂಗೂ ಒಂದು ಹೆಣ್ಣಾಗಿತ್ತು ಕಣೇ ನಿಮ್ಫಾ. ಈ ದ್ವೀಪಕ್ಕೆ ಬರೋ ಮುಂಚೆ, ನನ್ನ ಗಂಡನ ಊರಲ್ಲಿ. ಬಿರುಗಾಳಿ ಕಾಲ, ಪಾದ್ರಿ ದೋಣಿ ಬರಲಿಲ್ಲ. ಕೂಸಿಗೆ ಉಸಿರು ಕಟ್ತಿತ್ತು. ಕಾಯೋಣ, ಪಾದ್ರಿ ಕೈಯಿಂದಲೇ ಆಗಲಿ ಅಂದ್ರು ನಮ್ಮತ್ತೆ. ಮನೇಲಿ ಮಡಕೆ ತುಂಬ ನೀರಿತ್ತು. ಅಂಥಾ ಹೊತ್ತಲ್ಲಿ ಯಾರು ಬೇಕಾದ್ರೂ ಹಾಕಬಹುದು ಅಂತ ನಂಗೆ ಯಾರೂ ಹೇಳಿರಲಿಲ್ಲ."

ನಾನು ಅವಳ ಹತ್ತಿರಕ್ಕೆ ಇನ್ನಷ್ಟು ಸರಿದು ಕೂತೆ.

"ಹೆಸರು ಆರಿಸಿದ್ದೆ. ನೀರು ಬೀಳೋ ಮುಂಚೆ ಹೇಳಬಾರದಲ್ಲ, ಗಂಡನಿಗೂ ಹೇಳಿರಲಿಲ್ಲ. ನೀರು ಬೀಳಲೇ ಇಲ್ಲ. ನೀರು ಬೀಳದ ಕೂಸು ಅಂತ ಸ್ಮಶಾನದ ಬೇಲಿ ಆಚೆ ಮಣ್ಣು ಮಾಡಿದ್ರು. ಶಿಲುಬೆ ಮೇಲೆ ಬರೆಯೋಕೆ ಹೆಸರೇನು ಅಂತ ಬಡಗಿ ಕೇಳಿದ. ಇಲ್ಲ ಅಂದೆ. ಅವತ್ತಿಂದ ಇವತ್ತಿನವರೆಗೂ ಬಾಯಲ್ಲಿ ಆಡಿರಲಿಲ್ಲ. ಹೊರಗೆ ಬರುತ್ತೋ ಇಲ್ವೋ ಅಂತ ನಂಗೇ ಗೊತ್ತಿರಲಿಲ್ಲ."

ನಾನು ಅತ್ತೆ. ಹಳದಿ ಅಂಗಿಯ ತೋಳೆಲ್ಲ ಒದ್ದೆಯಾಗುವಷ್ಟು ಅತ್ತೆ. ಆ ಕೂಸಿಗಾಗಿ ಅತ್ತೆನೋ, ಆಮೇಲೆ ಊರವರ ಕೂಸುಗಳಿಗೆ ಚಿಪ್ಪು ಹಿಡಿದು ಓಡಿದ ಇವಳಿಗಾಗಿ ಅತ್ತೆನೋ ಹೇಳಲಾರೆ. ಅವಳು ಅಳಲಿಲ್ಲ. ಲೋಟ ಖಾಲಿ ಮಾಡಿ, "ಹಂದಿ ಚರ್ಮ ಗರಿಗರಿಯಾಗಿದೆಯಾ ನೋಡು, ಎರಡು ತುಂಡು ತಂದುಕೊಡು," ಎಂದಳು. ಮೂರು ತಂದುಕೊಟ್ಟೆ.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಅವಳ ದನಿ ಕೇಳಿಸಿತು. ರೋದೆಲನ ಅಂಗಳದಲ್ಲಿ ನಿಂತು, ಸಮುದ್ರದ ಮೇಲಿರುವವರಿಗೂ ಕೇಳುವಂತೆ ಕರೆಯುತ್ತಿದ್ದಳು. ಪೆತ್ರೊನಿಲಾ. ಸ್ವಲ್ಪ ತಡೆದು ಮತ್ತೆ, ಪೆತ್ರೊನಿಲಾ. ಬಲೆ ಬಿಡಿಸುತ್ತಿದ್ದವರು ತಲೆ ಎತ್ತಿ ನೋಡಿದರು. ಅರ್ಲೀನ್ ಕೂದಲು ಕಟ್ಟಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಮಲಗಿದಾಳೆ ಲೋಲಾ. ಏನು ಬೇಕಿತ್ತು?"

"ಏನೂ ಬೇಡ," ಎಂದಳು ಲೋಲಾ ಸಿಯೊನ್. "ಕರೀತಾ ಇದೀನಿ, ಅಷ್ಟೇ."