ಇಬ್ಬರಿಗೆ ಹೆಣೆದ ಚಕ್ರ

ಯಳಂದೂರಿನ ಸುತ್ತಮುತ್ತ ಸೈಕಲ್ಲಿನಲ್ಲೇ ಟಪಾಲು ಹಂಚುವವನು ನಾನು. ಈಚೆಗೆ ಹಿಂದಿನ ಚಕ್ರ ಸಣ್ಣ ಗುಂಡಿಗೂ ಎಗರಿ ನನ್ನ ಸೊಂಟ ಮುರಿಯುತ್ತಿತ್ತು. ಹೊನ್ನೂರಿನ ಸೈಕಲ್ ಶಾಪಿನ ಮುದುಕ ಅದರ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿದ.

"ದಪ್ಪ ಕಡ್ಡಿ ಆಕಿ, ಅಡ್ಡಡ್ಡ ಬಿಗಿಯಾಗಿ ಎಣ್ದವ್ರೆ. ಇದು ಇಬ್ರು ಕೂರೋ ಚಕ್ರ ಸಾ. ಒಬ್ರೇ ತುಳುದ್ರೆ ಎಗರ್ದೆ ಇನ್ನೇನ್ ಮಾಡ್ತದೆ? ಇಂದೆ ಯಾರ್ ಕೂರ್ತಿದ್ರು?"

"ನಮ್ಮನೆಯವಳು. ನರ್ಸು. ಹನೂರಿನ ಆಚೆಗೆ ವರ್ಗವಾಗಿ ಎಂಟು ತಿಂಗಳಾಯ್ತು."

ಮದುವೆಯಾದ ವಾರ ಕೊಳ್ಳೇಗಾಲದಲ್ಲಿ ನಾನೇ ಮುಂದೆ ನಿಂತು ಹೆಣೆಸಿದ್ದ ಚಕ್ರ ಅದು.

"ಬಿಚ್ಚಿ, ಒಬ್ರಿಗೆ ಆಗಂಗೆ ಎಣ್ದ್ ಕೊಡ್ಲಾ?" ಅಂತ ಸ್ಪ್ಯಾನರ್ ಎತ್ತಿಕೊಂಡ. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಚಕ್ರವನ್ನು ಹಿಡಿದುಕೊಂಡಿತ್ತು.

"ಬೇಡ. ಹಾಗೇ ಇರಲಿ."

ಮುದುಕ ಸ್ಪ್ಯಾನರ್ ಕೆಳಗಿಟ್ಟ. "ಅಂಗಾದ್ರೆ ಅವ್ರು ಬರೋಗಂಟ ಒಂದ್ ಕಲ್ ಕಟ್ಕಳಿ" ಅಂದು, ತಾನೇ ಒಂದು ಸೈಜುಗಲ್ಲು ತಂದು ಕ್ಯಾರಿಯರಿಗೆ ಬಿಗಿದ.

ಈಗ ಸೊಂಟಕ್ಕೆ ಪರವಾಗಿಲ್ಲ. ಕಲ್ಲಿನ ವಿಷಯ ಫೋನಿನಲ್ಲಿ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಗುಂಡಿ ಬಂದಾಗಲೆಲ್ಲ "ಗಟ್ಟಿಯಾಗಿ ಹಿಡ್ಕೊ" ಅಂತ ಆ ಕಲ್ಲಿಗೆ ಹೇಳುತ್ತೇನೆ ಅನ್ನುವುದನ್ನು ಮಾತ್ರ ಹೇಳಿಲ್ಲ.