ಹಳದಿ ಕಂಬದ ಕೆಳಗೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಕರೆಂಟಿನ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಪಾರ್ಕಿಂಗ್ ಜಾಗಕ್ಕೆ ಯಾವ ದೀಪ ಒಳ್ಳೆಯದು ಎಂದು ಒಮ್ಮೆ ಪರೀಕ್ಷೆ ನಡೆಸಿದೆವು. ಅಲ್ಲಿದ್ದ ಕಂಬಗಳಿಗೆಲ್ಲ ಹಳೆಯ ಸೋಡಿಯಂ ದೀಪ. ಒಂದಕ್ಕೆ ಮೆಟಲ್ ಹ್ಯಾಲೈಡ್, ಇನ್ನೊಂದಕ್ಕೆ ಎಲ್‌ಇಡಿ ಹಾಕಿ, ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಮ್ಯಾನೇಜರೂ ನಾನೂ ಅಡ್ಡಾಡಿ ನೋಡುತ್ತಿದ್ದೆವು.

ಮೆಟಲ್ ಹ್ಯಾಲೈಡ್ ಬೇಗ ಸೋತಿತು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಸಾಕು, ಅದು ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ಕಂಪನಿ ಬಸ್ಸು ಹೊರಟುಹೋಗಿರುತ್ತಿತ್ತು. ಎಲ್‌ಇಡಿ ಥಟ್ಟನೆ ಉರಿಯುತ್ತಿತ್ತು, ಬಣ್ಣಗಳನ್ನು ಇದ್ದದ್ದು ಇದ್ದಂತೆ ತೋರಿಸುತ್ತಿತ್ತು. ಸೋಡಿಯಂನ ಹಳದಿಯಲ್ಲಿ ಕೆಂಪು ಬೈಕೂ ಕಂದು, ಹಸಿರು ಬೈಕೂ ಕಂದು. ಅದನ್ನು ಹೇಳಿದಾಗ ಮ್ಯಾನೇಜರು ನಕ್ಕರು.

“ಪಾರ್ಕಿಂಗ್‌ಗೆ ಬಣ್ಣ ಯಾಕ್ರೀ? ನಾವೇನು ಸೀರೆ ಅಂಗಡಿ ಇಟ್ಟಿದೀವಾ?”

ನಾನೂ ನಕ್ಕೆ. ಆದರೂ ಎಲ್‌ಇಡಿಯೇ ಗೆದ್ದಿತು, ಒಂದು ಕಂಬ ಬಿಟ್ಟು.

ಆ ಕಂಬದ ಕೆಳಗೆ ಸ್ಟೂಲು ಹಾಕಿಕೊಂಡು ನಮ್ಮ ವಾಚ್‌ಮನ್ ಕೂರುತ್ತಿದ್ದರು. ವಿಜಯಪುರದ ಕಡೆಯವರು, ಹೆಂಡತಿಯ ಜೊತೆ ಹತ್ತಿರದಲ್ಲೇ ಬಾಡಿಗೆ ಕೋಣೆಯಲ್ಲಿದ್ದರು. “ಸರ, ಬಿಳೀ ಲೈಟು ಕಣ್ಣಾಗ ಚುಚ್ಚತೈತ್ರಿ. ನನ್ನ ಕಂಬಕ್ಕ ಹಳದೀನ ಇರ್ಲಿ ಬಿಡ್ರಿ, ಮನ್ಯಾಗ ಕುಂತಂಗ ಅನಸತೈತಿ” ಎಂದರು. ಯಾವತ್ತೂ ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ. ಒಂದು ಕಂಬ ತಾನೆ, ಹಾಗೇ ಬಿಟ್ಟೆ.

ಆ ವರ್ಷದ ಆಯುಧಪೂಜೆ ಬಂತು. ಯಂತ್ರಗಳಿಗೆ, ಬಸ್ಸುಗಳಿಗೆ ಪೂಜೆಯಾಯಿತು. ಕುಂಕುಮ ತುಂಬಿದ ಬೂದುಗುಂಬಳಕಾಯಿಗಳನ್ನು ಪಾರ್ಕಿಂಗ್ ತುಂಬ ಒಡೆದರು. ಯಾರ ಹಣೆ ನೋಡಿದರೂ ಬೆರಳಗಲ ಕುಂಕುಮ. ಒಡೆದ ಹೋಳುಗಳನ್ನು ಬದಿಗೆ ಸರಿಸಬೇಕೆಂದು ಯಾರಿಗೂ ತೋಚಲಿಲ್ಲ. ಇದು ಪ್ರತಿ ವರ್ಷದ ಕಥೆ, ಮರುದಿನ ಬೈಕಿನವರು ಜಾರಿ ಬೀಳುವವರೆಗೆ ನಮಗೆ ಬುದ್ಧಿ ಬರುವುದಿಲ್ಲ.

ಕತ್ತಲಾಗುವ ಹೊತ್ತಿಗೆ ವಾಚ್‌ಮನ್ ಒಂದು ಹೋಳಿನ ಮೇಲೆ ಕಾಲಿಟ್ಟು ಜಾರಿದ್ದಾರೆ. ಕಂಬದ ಬುಡದ ಸಿಮೆಂಟ್ ಕಟ್ಟೆಗೆ ಹಣೆ ಬಡಿದಿದೆ. ತಾವೇ ಎದ್ದು ಸ್ಟೂಲಿನ ಮೇಲೆ ಕೂತು ಕಂಬಕ್ಕೆ ಒರಗಿಕೊಂಡಿದ್ದಾರೆ. ಇದೆಲ್ಲ ನಮಗೆ ಆಮೇಲೆ, ನೆಲದ ಮೇಲಿನ ಗುರುತು ನೋಡಿ ತಿಳಿದದ್ದು.

ಪಾಳಿ ಮುಗಿಸಿದವರೆಲ್ಲ ಸಿಹಿಯ ಪೊಟ್ಟಣ ಹಿಡಿದು ಅವರ ಮುಂದೆಯೇ ಹಾದುಹೋದರು. ಹಣೆಯಿಂದ ಕೆನ್ನೆಗೆ ಇಳಿದದ್ದು ಆ ಹಳದಿಯಲ್ಲಿ ಬೆವರಿಗೆ ಕರಗಿದ ಕುಂಕುಮದಂತೆಯೇ ಕಂಡಿತು. ಎಲ್ಲರ ಹಣೆಯೂ ಅಲ್ಲಿ ಕಂದು, ಅವರದೂ ಕಂದು. ಯಾರೋ ಒಬ್ಬರು “ಏನಣ್ಣ, ಹಬ್ಬದೂಟ ಜೋರಾ?” ಎಂದು ತಮಾಷೆ ಮಾಡಿ ಅವರ ಮಡಿಲಲ್ಲಿ ಒಂದು ಪೊಟ್ಟಣ ಇಟ್ಟು ಹೋದರಂತೆ.

ಕೊನೆಯ ಬಸ್ಸು ತಿರುಗಿದಾಗ ಅದರ ಹೆಡ್‌ಲೈಟು ಅವರ ಮೇಲೆ ಬಿತ್ತು. ಆ ಬಿಳಿ ಬೆಳಕಿನಲ್ಲಿ ಮುಖ, ಅಂಗಿ, ಮಡಿಲಿನ ಪೊಟ್ಟಣ ಎಲ್ಲ ಕೆಂಪು. ಡ್ರೈವರ್ ಕೂಗಿಕೊಂಡ. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಎಷ್ಟು ಹೊತ್ತಿನಿಂದ ರಕ್ತ ಹೋಗುತ್ತಿತ್ತು ಎಂದು ಡಾಕ್ಟರು ಕೇಳಿದರು.

ಮರುದಿನ ಅವರು ತೀರಿಕೊಂಡರು. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಹಾದುಹೋದವರ ಮೇಲೆ ಹರಿಹಾಯೋಣವೆಂದರೆ ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ದೀಪವನ್ನೇ ಬೈಯೋಣವೆಂದರೆ, ಅದನ್ನು ಪ್ರೀತಿಯಿಂದ ಕೇಳಿ ಉಳಿಸಿಕೊಂಡವರು ಅವರೇ.

ಶವಾಗಾರದ ಹೊರಗೆ ಅವರ ಹೆಂಡತಿ ನನ್ನ ಬಳಿ ಬಂದರು. ಅಳು ಮುಗಿದಿತ್ತು.

“ಅಷ್ಟು ಮಂದಿ ಅಡ್ಡಾಡೋ ಜಾಗಾ. ಯಾರಿಗೂ ಕಾಣ್ಲಿಲ್ಲೇನ್ರಿ ಅಣ್ಣಾ? ಅಲ್ಲಿ ಲೈಟ್ ಇರ್ಲಿಲ್ಲೇನ್ರಿ?”

“ಇತ್ತಮ್ಮ,” ಎಂದೆ. “ಅವರ ತಲೆ ಮೇಲೇ ಇತ್ತು.”